ಅನುಭವದ ಕಾಲಂನಲ್ಲಿ ಏನು ಬರೆಯಬೇಕು?

ನಮ್ಮ ಬೀದಿಯ ಟೈಲರಮ್ಮನ ಹೊಲಿಗೆ ಯಂತ್ರ ಬೆಳಗ್ಗೆ ಏಳಕ್ಕೆ ಸದ್ದು ಶುರು ಮಾಡಿದರೆ ಮಧ್ಯಾಹ್ನದ ಊಟದವರೆಗೆ ನಿಲ್ಲುತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಶಾಲಾ ಮಕ್ಕಳ ಸಮವಸ್ತ್ರ ಹೊಲಿದ ಕೈ ಅದು. ಈ ವರ್ಷ ಶಾಲೆಯವರು ಸಿದ್ಧ ಉಡುಪನ್ನೇ ತರಿಸಿಬಿಟ್ಟರು. ಈಗ ಅವಳ ಹತ್ತಿರ ಬರುವುದು ಕಿತ್ತುಹೋದ ಜಿಪ್ಪು, ಉದ್ದ ಜಾಸ್ತಿಯಾದ ಪ್ಯಾಂಟು, ಅಷ್ಟೆ. ಹತ್ತು ಗಂಟೆಗೇ ಯಂತ್ರಕ್ಕೆ ಬಟ್ಟೆ ಹೊದಿಸಿ ಎದ್ದುಬಿಡುತ್ತಾಳೆ.

ಅವಳ ಗಂಡ ಮನೆಗಳಿಗೆ ಬಣ್ಣ ಬಳಿಯುವ ಪೇಂಟರ್. ಆರು ತಿಂಗಳ ಹಿಂದೆ ಏಣಿಯಿಂದ ಜಾರಿ ಬಲ ಭುಜಕ್ಕೆ ಪೆಟ್ಟಾಯಿತು. ಒಂದು ವರ್ಷ ಆ ಕೈಯನ್ನು ತಲೆಗಿಂತ ಮೇಲೆ ಎತ್ತಲೇಬಾರದು ಎಂದು ಡಾಕ್ಟರು ಹೇಳಿದ್ದಾರೆ.

"ಅರ್ಧ ಗೋಡೆ ನಾನು ಬಳೀತೀನಿ, ಮೇಲಿನ ಅರ್ಧ ನೀವೇ ಬಳ್ಕೊಳ್ಳಿ ಅಂದ್ರೆ ಯಾರಾದ್ರೂ ಕೆಲಸಕ್ಕೆ ಕರೀತಾರಾ?" ಎಂದು ಅವನು ನಗುತ್ತಾನೆ. ಜೊತೆಗೆ ಯಾರೂ ನಗುವುದಿಲ್ಲ.

ಮಗಳಿಗೆ ಶಾಲೆಯ ಕೊನೆಯ ವರ್ಷ ಬಾಕಿ ಇದೆ. ರಜೆ ಶುರುವಾದ ವಾರ ಅವಳು ಪಾತ್ರೆ ಒರೆಸುತ್ತಾ, ಯಾವುದೋ ಸಣ್ಣ ವಿಷಯ ಹೇಳುವವಳ ಹಾಗೆ ಹೇಳಿದಳು.

"ಅಮ್ಮಾ, ಮೊಬೈಲ್ ಅಂಗಡೀಲಿ ಹುಡುಗಿ ಬೇಕಂತೆ. ನಾನು ಹೋಗ್ತೀನಿ. ಓದು ಆಮೇಲೆ ನೋಡ್ಕೊಂಡ್ರಾಯ್ತು."

"ಆ ಮಾತು ಇನ್ನೊಂದ್ಸಲ ಬಾಯಿಂದ ಬಂದ್ರೆ ನೋಡು," ಎಂದಳು ಟೈಲರಮ್ಮ.

ಗದರಿಸುವುದೇನೋ ಗದರಿಸಿದಳು. ಆದರೆ ಶಾಲೆ ತೆರೆಯಲು ಎರಡೂವರೆ ತಿಂಗಳಿತ್ತು. ಅಷ್ಟರೊಳಗೆ ತಿಂಗಳು ತಿಂಗಳು ತಪ್ಪದೆ ಬರುವ ಒಂದು ಸಂಬಳ ಮನೆಗೆ ಸಿಗದಿದ್ದರೆ ಮಗಳ ಮಾತೇ ನಡೆಯುತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

ಮಹಡಿ ಮನೆಯಲ್ಲಿ ಒಬ್ಬಳಿದ್ದಾಳೆ. ಬೀದಿಯವರೆಲ್ಲ ಅವಳನ್ನು ಶಿಫ್ಟಕ್ಕ ಎಂದೇ ಕರೆಯುವುದು. ಊರಾಚೆಯ ಸೋಪಿನ ಕಾರ್ಖಾನೆಯಲ್ಲಿ ಏಳು ವರ್ಷದಿಂದ ಕೆಲಸ. ಒಂದು ವಾರ ಹೊತ್ತು ಹುಟ್ಟುವ ಮುಂಚೆ ಹೊರಡುತ್ತಾಳೆ, ಇನ್ನೊಂದು ವಾರ ಮಧ್ಯಾಹ್ನ. ಒಂದು ದಿನ ಅವಳು ಮೆಟ್ಟಿಲಿಳಿದು ಬಂದವಳೇ ಟೈಲರಮ್ಮನ ಮುಂದೆ ಒಂದು ಫಾರಂ ಇಟ್ಟಳು.

"ನಮ್ಮ ಕಾರ್ಖಾನೇಲಿ ಸೋಪಿಗೆ ಕಾಗದ ಸುತ್ತೋ ಹೊಸ ಲೈನ್ ಹಾಕ್ತಿದಾರೆ. ಹನ್ನೆರಡು ಜನ ಬೇಕಂತೆ. ಹೆಂಗಸರೂ ಆಗ್ತಾರೆ. ತುಂಬು."

"ನಾನಾ? ನಲವತ್ತೊಂದು ವರ್ಷಕ್ಕೆ? ಕಾರ್ಖಾನೆಯ ಗೇಟನ್ನೇ ಒಳಗಿನಿಂದ ನೋಡಿಲ್ಲ ಕಣಕ್ಕ."

ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು. "ಫ್ಯಾನ್ ಕಿರ್ ಅಂದ್ರೆ ಓಡಿಬಂದು ಸ್ವಿಚ್ ಆರಿಸೋಳು ಇವಳು. ಅಲ್ಲಿ ಆನೆ ಗಾತ್ರದ ಮಷಿನ್ ಇರುತ್ತಂತೆ. ಏನ್ ಮಾಡ್ತಾಳೆ, ಕೈ ಮುಗಿದು ಬರ್ತಾಳಾ?"

"ಅಜ್ಜೀ, ಕಿರ್ ಅಂದ ತಕ್ಷಣ ಸ್ವಿಚ್ ಆರಿಸೋರೇ ಅಲ್ಲಿಗೆ ಬೇಕಾಗಿರೋದು," ಎಂದಳು ಶಿಫ್ಟಕ್ಕ.

ಫಾರಂನಲ್ಲಿ ಹೆಸರು, ವಿಳಾಸ, ಓದು ಎಲ್ಲ ಸಲೀಸಾಗಿ ತುಂಬಿತು. ಹತ್ತನೇ ಕ್ಲಾಸು ಪಾಸಾದ ಪತ್ರ ಟ್ರಂಕಿನಲ್ಲಿತ್ತು. ಅದರ ಕೆಳಗೆ 'ಅನುಭವ' ಎಂದು ನಾಲ್ಕು ಖಾಲಿ ಗೆರೆ. ಟೈಲರಮ್ಮ ಪೆನ್ನಿನ ಮುಚ್ಚಳ ಹಾಕಿಬಿಟ್ಟಳು.

"ಇಲ್ಲಿಗೆ ನನ್ನ ಕಥೆ ಮುಗೀತು."

"ನಾನು ಸೇರೋ ಮುಂಚೆ ಏನ್ ಮಾಡ್ತಿದ್ದೆ ಗೊತ್ತಾ? ಜೆರಾಕ್ಸ್ ಅಂಗಡೀಲಿ ಕಾಗದ ಜೋಡಿಸ್ತಿದ್ದೆ. ಸೋಪಿನ ಬಗ್ಗೆ ನಂಗೆ ಗೊತ್ತಿದ್ದದ್ದು ಒಂದೇ, ಕಣ್ಣಿಗೆ ಹೋದ್ರೆ ಉರಿಯುತ್ತೆ ಅಂತ," ಎಂದಳು ಶಿಫ್ಟಕ್ಕ. "ಈಗ ನಾನು ಕೇಳಿದ್ದಕ್ಕೆ ಉತ್ತರ ಹೇಳು. ನಿನ್ನ ಮಷಿನ್ ಕೆಡೋ ಮುಂಚೆ ನಿಂಗೆ ಹೇಗೆ ಗೊತ್ತಾಗುತ್ತೆ?"

"ಸದ್ದು ಬದಲಾಗುತ್ತಲ್ಲ."

"ಬರಿ. ಎಣ್ಣೆ ಯಾವಾಗ ಬಿಡ್ತೀಯ?"

"ವಾರಕ್ಕೊಂದ್ಸಲ. ದಪ್ಪ ಬಟ್ಟೆ ಹೊಲಿದ್ರೆ ಎರಡು ಸಲ."

"ಅದನ್ನೂ ಬರಿ. ನಲವತ್ತು ಅಂಗಿ ಹೊಲಿದೆ ಅನ್ನು. ನಲವತ್ತಕ್ಕೂ ಒಂದೇ ಅಳತೆಯ ಕಾಲರ್ ಬರುತ್ತಾ?"

"ಬರದೆ ಏನು? ಬರದಿದ್ರೆ ಬಿಚ್ಚಿ ಮತ್ತೆ ಹೊಲೀತೀನಿ. ಕೊಡೋ ಮುಂಚೆ ಒಂದೊಂದನ್ನೂ ತಿರುವಿ ನೋಡ್ತೀನಿ."

"ಅದಕ್ಕೆ ನಮ್ಮಲ್ಲಿ ಗುಣಮಟ್ಟ ತಪಾಸಣೆ ಅಂತ ದೊಡ್ಡ ಬೋರ್ಡ್ ಹಾಕಿದಾರೆ. ಹೇಳಿದ ದಿನಕ್ಕೆ ಕೊಡದೆ ಎಷ್ಟು ಸಲ ತಪ್ಪಿಸಿದೀಯ?"

"ಎರಡು ಸಲ. ಒಂದ್ಸಲ ಹೆರಿಗೆ, ಇನ್ನೊಂದ್ಸಲ ಇವರು ಏಣಿಯಿಂದ ಬಿದ್ದಾಗ."

ನಾಲ್ಕು ಗೆರೆ ಸಾಲದೆ ಅಂಚಿನಲ್ಲೂ ಬರೆಯಬೇಕಾಯಿತು. ಕೊನೆಯಲ್ಲಿ ಶಿಫ್ಟಕ್ಕ ಇನ್ನೊಂದು ಸಾಲು ಬರೆಸಿದಳು: 'ಕಾರ್ಖಾನೆಯಲ್ಲಿ ಕೆಲಸ ಮಾಡಿಲ್ಲ. ಕಲಿಯಲು ಸಿದ್ಧ.'

"ಅದ್ಯಾಕಕ್ಕ? ಇಷ್ಟೆಲ್ಲ ಬರೆದು ಕೊನೇಲಿ ಇಲ್ಲ ಅಂತ ಹೇಳ್ಬೇಕಾ?"

"ಇರೋದನ್ನ ಹೇಳಿದ್ಮೇಲೆ ಇಲ್ಲದ್ದನ್ನೂ ಹೇಳ್ಬೇಕು. ಆಗಲೇ ಕಲಿಸ್ತಾರೆ."

ಪೇಂಟರ್ ಇದನ್ನೆಲ್ಲ ಬಾಗಿಲಿಗೆ ಒರಗಿ ಕೇಳುತ್ತಿದ್ದ. ಮಾರನೆಯ ದಿನ ಬೆಳಗ್ಗೆ ಹೊರಗೆ ಹೋದವನು ಸಂಜೆ ಬಂದು ಹೆಂಡತಿಯ ಕೈಯಲ್ಲಿ ಒಂದು ಲಕೋಟೆ ಇಟ್ಟ. ರಟ್ಟಿನ ಡಬ್ಬಿ ಮಾಡುವ ಒಂದು ಸಣ್ಣ ಶೆಡ್ಡಿಗೆ ಅವನು ಹಿಂದೆ ಬಣ್ಣ ಬಳಿದಿದ್ದ. ಅಲ್ಲಿನ ಮಾಲೀಕ ಬರೆದುಕೊಟ್ಟ ಪತ್ರ ಅದು. ಈಕೆ ನಮ್ಮಲ್ಲಿ ಎರಡು ವರ್ಷ ಪ್ಯಾಕಿಂಗ್ ಯಂತ್ರ ನಡೆಸಿದ್ದಾರೆ ಎಂದು ಬರೆದು ಕೆಳಗೆ ಮೊಹರು ಒತ್ತಿತ್ತು.

"ಏನ್ರೀ ಇದು?"

"ಬೆಂಚಿನ ಮೇಲೆ ಅರ್ಧ ದಿನ ಕಾದು ತಂದಿದೀನಿ. ಹೊಲಿಗೆ, ಎಣ್ಣೆ, ಕಾಲರ್ ಅಂತ ಬರೆದ್ರೆ ಅವರು ಓದಿ ನಗ್ತಾರೆ. ಇದನ್ನ ನೋಡಿದ್ರೆ ಕುರ್ಚಿ ಹಾಕಿ ಕೂರಿಸ್ತಾರೆ."

ಅವನು ಮೋಸ ಮಾಡುವ ಮನುಷ್ಯನಲ್ಲ. ಕೈ ಮೇಲೆತ್ತಲಾಗದವನು ಹೆಂಡತಿಗಾಗಿ ತನ್ನಿಂದ ಆದದ್ದನ್ನು ಮಾಡಿದ್ದ. ಅದಕ್ಕೇ ಅವಳಿಗೆ ಬೈಯಲು ಬಾಯಿ ಬರಲಿಲ್ಲ. ಕಾಗದ ಹಿಡಿದು ಮಹಡಿ ಹತ್ತಿದಳು. ಪೇಂಟರೂ ಹಿಂದೆಯೇ ಹತ್ತಿದ.

ಶಿಫ್ಟಕ್ಕ ಓದಿ ಮಡಿಸಿಟ್ಟಳು. "ಅಣ್ಣಾ, ಒಂದ್ಮಾತು ಕೇಳ್ಲಾ? ಅನುಭವ ಇದೆ ಅಂತ ಬಂದವರನ್ನ ನಾವು ಏನ್ ಮಾಡ್ತೀವಿ ಗೊತ್ತಾ?"

"ಒಳ್ಳೆ ಕೆಲಸ ಕೊಡ್ತೀರಿ."

"ಮೂರನೇ ದಿನಕ್ಕೆ ಮಷಿನ್ ಮುಂದೆ ನಿಲ್ಲಿಸ್ತೀವಿ. ಗೊತ್ತಿಲ್ಲ ಅಂದವರಿಗೆ ಆರು ವಾರ ತರಬೇತಿ. ಮೊದಲನೇ ವಾರ ಮಷಿನ್ ಮುಟ್ಟೋಕೂ ಬಿಡಲ್ಲ, ಬರೀ ಸುರಕ್ಷತೆ ಪಾಠ. ಆಮೇಲೆ ಹಳಬರ ಪಕ್ಕ ನಿಂತು ಕಲೀಬೇಕು. ಆ ದಿನಗಳಿಗೂ ಭತ್ಯೆ ಕೊಡ್ತಾರೆ. ಈ ಕಾಗದ ಕೊಟ್ರೆ ಆ ಆರು ವಾರ ನಿಮ್ಮ ಹೆಂಡತಿಗೆ ಸಿಗಲ್ಲ."

ಪೇಂಟರ್ ಗೋಡೆ ನೋಡಿದ. "ಅದು ಸರಿ. ಆದ್ರೆ ಕೊಡದಿದ್ರೆ ಗೇಟಿನ ಒಳಗೇ ಬಿಡದಿದ್ರೆ?"

ಕಾರ್ಖಾನೆಯವರು ಆಯ್ಕೆ ಪರೀಕ್ಷೆಗೆ ಕರೆದ ದಿನ ಟೈಲರಮ್ಮನ ಚೀಲದಲ್ಲಿ ಫಾರಂ ಇತ್ತು, ಅದರ ಬೆನ್ನಿಗೇ ಆ ಲಕೋಟೆಯೂ ಇತ್ತು.

ಕಾರ್ಖಾನೆಯ ಗೇಟಿನೊಳಗೆ ನಲವತ್ತು ಜನ ಸೇರಿದ್ದರು. ಎರಡು ಮೇಜು, ಎರಡು ಸಾಲು. 'ಅನುಭವ ಉಳ್ಳವರು' ಎಂದು ಬರೆದ ಕಡೆ ಏಳೇ ಜನ. ಅವರಿಗೆ ನೆರಳು, ಕುರ್ಚಿ, ಮೇಲೊಂದು ಫ್ಯಾನು. 'ಹೊಸಬರು' ಎಂದು ಬರೆದ ಸಾಲು ಬಿಸಿಲಿನಲ್ಲಿ ಸೈಕಲ್ ನಿಲ್ಲಿಸುವ ಶೆಡ್ಡಿನವರೆಗೆ ಬೆಳೆದಿತ್ತು. ಗಂಡ ಹೇಳಿದ ಕುರ್ಚಿ ಕಣ್ಣೆದುರೇ ಖಾಲಿ ಇತ್ತು. ಅವಳ ಕೈ ಎರಡು ಸಲ ಲಕೋಟೆಗೆ ಹೋಗಿ ವಾಪಸು ಬಂತು. ಮೂರನೇ ದಿನಕ್ಕೆ ಗೊತ್ತಿಲ್ಲದ ಯಂತ್ರದ ಮುಂದೆ ಒಬ್ಬಳೇ ನಿಂತಂತೆ ನೆನೆಸಿಕೊಂಡಳು. ಬಿಸಿಲಿಗೆ ಹೋಗಿ ನಿಂತಳು.

ಐದೈದು ಜನರನ್ನು ಒಂದು ಕೋಣೆಗೆ ಕರೆದರು. ಅಲ್ಲಿ ಓಡುವ ಬೆಲ್ಟು, ಅದರ ತುದಿಗೆ ಸೋಪಿಗೆ ಕಾಗದ ಸುತ್ತುವ ಯಂತ್ರ. ಬಿಳಿ ಹೆಲ್ಮೆಟ್ ಹಾಕಿದ ಮೇಲ್ವಿಚಾರಕರು ಮಾತು ಅಳೆದು ಆಡುವವರು.

"ಕೆಟ್ಟ ಸೋಪು ಕಂಡರೆ ಪಕ್ಕದ ಬುಟ್ಟಿಗೆ ಹಾಕಿ. ಕಾಗದ ಸಿಕ್ಕಿಹಾಕ್ಕೊಂಡ್ರೆ ಕೆಂಪು ಗುಂಡಿ ಒತ್ತಿ, ಎರಡೂ ಕೈ ಮೇಲೆತ್ತಿ, ನನ್ನನ್ನ ಕರೀರಿ. ಕೈ ಮಾತ್ರ ಒಳಗೆ ಹಾಕಬೇಡಿ. ಗೊತ್ತಾಯ್ತಾ?"

ಎಲ್ಲರೂ ತಲೆಯಾಡಿಸಿದರು.

ಟೈಲರಮ್ಮನ ಸರದಿ ಬಂದಾಗ ಮೊದಲ ಐದು ನಿಮಿಷ ಹಬೆಯಾಡುವ ಇಸ್ತ್ರಿಯಂತೆ ಸಲೀಸಾಗಿ ಹೋಯಿತು. ಮೂಲೆ ಒಡೆದದ್ದು, ಮುದ್ರೆ ಸರಿಯಾಗಿ ಬೀಳದ್ದು, ಒಂದೂ ತಪ್ಪಿಸಿಕೊಳ್ಳಲಿಲ್ಲ. ಕಾಗದದ ಮಡಿಕೆ ಒಂದು ನೂಲೆಳೆಯಷ್ಟು ಓರೆಯಾಗಿದ್ದ ಸೋಪನ್ನೂ ಅವಳು ಎತ್ತಿ ಬುಟ್ಟಿಗೆ ಹಾಕಿದಳು. ಬಿಳಿ ಹೆಲ್ಮೆಟ್ ಅದನ್ನು ತೆಗೆದುಕೊಂಡು, ಕನ್ನಡಕ ಸರಿಮಾಡಿಕೊಂಡು, ಎರಡು ಸಲ ನೋಡಬೇಕಾಯಿತು.

ಆಗ ಕಾಗದ ಸಿಕ್ಕಿಕೊಂಡಿತು. ಯಂತ್ರ ನಿಂತಿತು.

ದಾರ ಸಿಕ್ಕಿಕೊಂಡಾಗ ಟೈಲರಮ್ಮ ಏನು ಮಾಡುತ್ತಾಳೆ? ಎಡಗೈಯಲ್ಲಿ ಬಟ್ಟೆ ಎತ್ತುತ್ತಾಳೆ, ಬಲಗೈಯ ಎರಡು ಬೆರಳನ್ನು ಸೂಜಿಯ ಕೆಳಗೆ ತೂರಿಸಿ ಎಳೆ ಎಳೆಯುತ್ತಾಳೆ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಸಾವಿರ ಸಲವೋ. ತಲೆಗೆ ಸುದ್ದಿ ಮುಟ್ಟುವ ಮುಂಚೆ ಅವಳ ಎಡಗೈ ಯಂತ್ರದ ಮುಚ್ಚಳ ಎತ್ತಿತ್ತು, ಬಲಗೈ ಒಳಗಿತ್ತು.

ಯಂತ್ರದ ಎಚ್ಚರಿಕೆ ಗಂಟೆ ಕಿವಿ ತೂತಾಗುವಂತೆ ಹೊಡೆದುಕೊಂಡಿತು.

"ಕೈ ತೆಗೀರಿ!"

ಬಿಳಿ ಹೆಲ್ಮೆಟ್ ಗಂಟೆ ಆರಿಸಿದರು. "ಇದು ಕಲಿಸೋ ಮಷಿನ್. ಮುಚ್ಚಳ ಎತ್ತಿದ್ರೆ ಕರೆಂಟ್ ಪೂರ್ತಿ ಕಡಿದುಹೋಗುತ್ತೆ. ಕಾಗದ ಸಿಕ್ಕೋ ಹಾಗೆ ಮಾಡೋದೂ ನಾವೇ. ಆದ್ರೆ ಎಲ್ಲ ಮಷಿನ್ನೂ ಹೀಗೇ ಇರುತ್ತೆ ಅಂತ ನಂಬಬೇಡಿ ಅಮ್ಮಾ." ಉಳಿದವರ ಸರದಿಯೂ ಮುಗಿದ ಮೇಲೆ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. "ನಿಮ್ಮ ಸರದೀಲಿ ಏನಾಯ್ತೋ ಅದನ್ನ ಬರೆದುಕೊಡಿ."

ಟೈಲರಮ್ಮನ ಪಕ್ಕದಲ್ಲಿ ಕೂತಿದ್ದವನು, ಹಿಂದೆ ಆಟೋ ಓಡಿಸುತ್ತಿದ್ದವನಂತೆ, ಮೆಲ್ಲಗೆ ಉಸುರಿದ.

"ಅಕ್ಕಾ, ಮುಚ್ಚಳ ಸಡಿಲ ಇತ್ತು, ಕೈ ತಾಗಿ ತಾನಾಗೇ ತೆರ್ಕೊಂಡ್ತು ಅಂತ ಬರೀರಿ. ನಾನಂತೂ ಏನೂ ಆಗ್ಲಿಲ್ಲ ಅಂತ ಬರೆದೆ."

"ನಿಮ್ಮದೂ ಗಂಟೆ ಹೊಡೀತಲ್ಲಪ್ಪಾ, ಎಲ್ಲರೂ ಕೇಳಿದೀವಿ."

"ಕೇಳಿದ್ದು ಬೇರೆ, ಬರೆದದ್ದು ಬೇರೆ."

ಅವಳು ಪೆನ್ನು ಹಿಡಿದು ಕೂತಳು. ಕೆಲಸ ಹೇಗೂ ಹೋಯಿತು ಎಂದು ಅನಿಸಿತ್ತು. ಹೋಗುವ ಕೆಲಸಕ್ಕೆ ಸುಳ್ಳು ಬೇರೆ ಯಾಕೆ? ಹೀಗೆ ಬರೆದಳು:

'ಕಾಗದ ಸಿಕ್ಕಿತು. ಯಂತ್ರ ನಿಂತಿತು. ನಾನು ಕೆಂಪು ಗುಂಡಿ ಒತ್ತಲಿಲ್ಲ. ಮುಚ್ಚಳ ಎತ್ತಿ ಬಲಗೈ ಒಳಗೆ ಹಾಕಿದೆ. ಹೊಲಿಗೆ ಯಂತ್ರದಲ್ಲಿ ದಾರ ತೆಗೆದು ತೆಗೆದು ಕೈಗೆ ಅದೇ ಅಭ್ಯಾಸವಾಗಿದೆ. ನೀವು ಹೇಳಿದ್ದು ತಲೆಗೆ ಗೊತ್ತಿತ್ತು, ಕೈಗೆ ಇನ್ನೂ ಗೊತ್ತಿಲ್ಲ.'

ಬಿಳಿ ಹೆಲ್ಮೆಟ್ ಚೀಟಿಗಳನ್ನು ಓದಿ ಅವಳನ್ನೊಬ್ಬಳನ್ನೇ ಕರೆದರು.

"ಇದನ್ನ ಯಾಕೆ ಬರೆದ್ರಿ?"

"ಆದದ್ದು ಬರೀರಿ ಅಂದ್ರಲ್ಲ ಸರ್."

ಅವರು ಮೊದಲ ಸಲ ನಕ್ಕರು. "ಇವತ್ತು ಗಂಟೆ ಹನ್ನೊಂದು ಸಲ ಹೊಡೀತು. ಚೀಟಿಗಳಲ್ಲಿ ಮೂರು ಸಲ ಹೊಡೆದಿದೆ. ನೋಡೀ ಅಮ್ಮಾ, ಕೈ ತಪ್ಪಿದ್ರೆ ತಿದ್ದೋದು ನಂಗೊತ್ತು. ಆದದ್ದನ್ನ ಮುಚ್ಚಿಡೋರ ಪಕ್ಕದಲ್ಲಿ ಇನ್ನೊಬ್ಬರನ್ನ ನಿಲ್ಲಿಸೋಕೆ ಮಾತ್ರ ನಂಗೆ ಧೈರ್ಯ ಬರಲ್ಲ. ಬುಧವಾರ ಇನ್ನೊಂದ್ಸಲ ಬನ್ನಿ. ನಿಮ್ಮ ಕೈ ಅಷ್ಟರಲ್ಲಿ ಏನು ಕಲಿತಿರುತ್ತೆ ನೋಡೋಣ."

ಮನೆಯಲ್ಲಿ ಪೇಂಟರ್ ಬಾಗಿಲಲ್ಲೇ ಕೂತಿದ್ದ. "ಪತ್ರ ಕೊಟ್ಟೆಯಾ?"

ಅವಳು ಲಕೋಟೆಯನ್ನು ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿದಳು. ಕೈ ಒಳಗೆ ಹೋದ ಮಾತು ಬಂದಾಗ ಪೇಂಟರ್ ಎದ್ದು ನಿಂತುಬಿಟ್ಟ. ಏಣಿಯಿಂದ ಬಿದ್ದು ಬಲ್ಲವನು ಅವನು. ಹೆಂಡತಿಯ ಬಲಗೈಯನ್ನು ಹಿಡಿದು, ಬೆರಳು ಬೆರಳು ತಿರುವಿ ನೋಡಿದ. ಆಮೇಲೆ ಲಕೋಟೆಯನ್ನು ತಾನೇ ಹರಿದು ಕಸದ ಬುಟ್ಟಿಗೆ ಹಾಕಿದ.

"ಇದನ್ನ ಕೊಟ್ಟಿದ್ರೆ ಮೂರನೇ ದಿನಕ್ಕೆ ನಿನ್ನನ್ನ ನಿಜವಾದ ಮಷಿನ್ ಮುಂದೆ ನಿಲ್ಲಿಸ್ತಿದ್ರು. ನಾನೇ ತಳ್ಳಿದ ಹಾಗೆ ಆಗ್ತಿತ್ತು," ಎಂದ. ಹೊಲಿಗೆ ಯಂತ್ರದ ಮೇಲಿನ ಬಟ್ಟೆ ತೆಗೆಯುತ್ತಾ ಕೇಳಿದ. "ಬುಧವಾರಕ್ಕೆ ಎಷ್ಟು ದಿನ ಇದೆ?"

"ಐದು."

"ಹಾಗಾದ್ರೆ ಬಾ, ಕೂರು."

ಎಣ್ಣೆ ಬಾಟಲಿಯ ಕೆಂಪು ಮುಚ್ಚಳವೊಂದನ್ನು ಹೊಲಿಗೆ ಯಂತ್ರದ ಮೇಜಿಗೆ ಅಂಟಿಸಿದರು. ಅದೇ ಕೆಂಪು ಗುಂಡಿ. ಅವಳು ಹೊಲಿಯುತ್ತಾ ಇರಬೇಕು. ಯಾವಾಗ ಬೇಕಾದರೂ ಗಂಡ "ಸಿಕ್ತು!" ಎಂದು ಕೂಗುತ್ತಾನೆ. ಅವಳು ಪೆಡಲಿನಿಂದ ಕಾಲು ಎತ್ತಿ, ಮುಚ್ಚಳ ಒತ್ತಿ, ಎರಡೂ ಕೈ ಮೇಲೆ ಮಾಡಿ ಮೇಲ್ವಿಚಾರಕರನ್ನು ಕರೆಯಬೇಕು. ಮೇಲ್ವಿಚಾರಕರು ಯಾರು? ಅತ್ತೆ. ಕೈಯಲ್ಲಿ ಟೈಲರಮ್ಮನದೇ ಮರದ ಸ್ಕೇಲು.

"ಸಿಕ್ತು!"

ಬೆರಳು ಸೂಜಿಯ ಕಡೆ ಹೊರಟಿತು. ಸ್ಕೇಲು ಬಂತು.

"ಅಯ್ಯೋ ಅತ್ತೆ, ನಿಜವಾಗ್ಲೂ ಹೊಡೀತೀರಲ್ಲ!"

"ಸುಳ್ಳು ಸುಳ್ಳು ಹೊಡೆದ್ರೆ ಕೈಗೆ ಹೇಗೆ ಗೊತ್ತಾಗ್ಬೇಕು? ಮದುವೆಯಾಗಿ ಇಷ್ಟು ವರ್ಷಕ್ಕೆ ಒಂದು ಅವಕಾಶ ಸಿಕ್ಕಿದೆ ನಂಗೆ. ಹೂಂ, ಹೊಲಿ."

ಮೊದಲ ದಿನ ಸ್ಕೇಲು ಒಂಬತ್ತು ಸಲ ಬಂತು. ಎರಡನೇ ದಿನ ಐದು. ಮಗಳು ಊಟದ ನಡುವೆ ಕೂಗಿದರೂ ತಟ್ಟೆ ಬಿಟ್ಟು ಎರಡೂ ಕೈ ಮೇಲೆ ಹೋಗತೊಡಗಿದವು. ಮಂಗಳವಾರ ಸ್ಕೇಲಿಗೆ ಕೆಲಸವೇ ಇರಲಿಲ್ಲ. ಅತ್ತೆಗೆ ಸ್ವಲ್ಪ ಬೇಜಾರೂ ಆಯಿತು.

ಬುಧವಾರ. ಅದೇ ಕೋಣೆ, ಅದೇ ಯಂತ್ರ. ಬಿಳಿ ಹೆಲ್ಮೆಟ್ ಕೈ ಕಟ್ಟಿ ನಿಂತಿದ್ದರು. ಇಪ್ಪತ್ತು ನಿಮಿಷ ಏನೂ ಆಗಲಿಲ್ಲ. ಅವಳ ಗಮನ ಸೋಪಿನ ಮೇಲೆ ನೆಟ್ಟಾಗ ಕಾಗದ ಸಿಕ್ಕಿತು. ಅಂಗೈ ಕೆಂಪು ಗುಂಡಿಯ ಮೇಲೆ ಬಿತ್ತು. ಎರಡೂ ಕೈ ಮೇಲೆದ್ದವು. ಟೈಲರಮ್ಮ ಗಂಟಲೆತ್ತಿ ಕರೆದಳು.

"ಅತ್ತೇ!"

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಅವಳು ನಾಲಿಗೆ ಕಚ್ಚಿಕೊಂಡಳು, ಆದರೆ ಕೈ ಇಳಿಸಲಿಲ್ಲ. ಬಿಳಿ ಹೆಲ್ಮೆಟ್ ಮಾತ್ರ ನಗದೆ ಅವಳ ಹೆಸರಿನ ಮುಂದೆ ಗುರುತು ಹಾಕಿದರು.

"ಯಾರನ್ನ ಕರೆದ್ರಿ ಅನ್ನೋದು ಆಮೇಲಿನ ಮಾತು. ಕರೆದ್ರಲ್ಲ, ಅದು ಮುಖ್ಯ. ಸೋಮವಾರ ತರಬೇತಿಗೆ ಬನ್ನಿ."

ಆ ಸೋಮವಾರ ಹೊಸಬರ ಸಾಲಿನಿಂದ ಆರಿಸಿದ ಒಂಬತ್ತು ಜನರ ಜೊತೆ ಅವಳು ಗೇಟು ದಾಟಿದಳು. ತರಬೇತಿ ಸುಲಭವಾಗಿರಲಿಲ್ಲ. ದಪ್ಪ ಶೂ ಮೊದಲ ವಾರ ಹಿಮ್ಮಡಿ ಕಚ್ಚಿತು. ಎಂಟು ಗಂಟೆ ನಿಂತು ಮನೆಗೆ ಬಂದರೆ ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟು ಕೂತಲ್ಲೇ ತೂಕಡಿಸುತ್ತಿದ್ದಳು. ಅಡುಗೆಗೆ ಪೇಂಟರ್ ನಿಂತ. ಒಲೆ ಸೊಂಟದ ಎತ್ತರಕ್ಕಿದೆಯಲ್ಲ, ಭುಜಕ್ಕೆ ಏನೂ ತೊಂದರೆಯಿಲ್ಲ. ಮೊದಲು ಉಪ್ಪು ಹೆಚ್ಚಾಗುತ್ತಿತ್ತು, ಆಮೇಲೆ ಅದೂ ಹದಕ್ಕೆ ಬಂತು. "ನಾನು ಬೇಡ ಅಂದಿದ್ದೆ" ಎಂದು ಅತ್ತೆ ಈಗ ಎಲ್ಲೂ ಹೇಳುವುದಿಲ್ಲ. ನೀರು ಹಿಡಿಯಲು ಬಂದವರಿಗೆಲ್ಲ, ನನ್ನ ಸೊಸೆಗೆ ತರಬೇತಿ ಕೊಟ್ಟದ್ದೇ ನಾನು ಎನ್ನುತ್ತಾರೆ.

ಆರು ವಾರ ಮುಗಿದು, ಲೈನಿನಲ್ಲಿ ಅವಳ ಮೊದಲ ಬೆಳಗಿನ ಪಾಳಿಗಳು ಶುರುವಾದವು. ಶಾಲೆ ತೆರೆದ ದಿನ ಅವಳು ಪಾಳಿ ಮುಗಿಸಿ ಬರುವಾಗ ಮಗಳು ಶಾಲೆ ಮುಗಿಸಿ ಬೀದಿಯ ತುದಿಯಲ್ಲಿ ಸಿಕ್ಕಳು. ಬೆನ್ನ ಮೇಲೆ ಕೊನೆಯ ವರ್ಷದ ಪುಸ್ತಕಗಳ ಭಾರ.

"ಮೊಬೈಲ್ ಅಂಗಡಿಯವರು ಮತ್ತೆ ಕೇಳಿದ್ರಮ್ಮಾ."

"ಏನಂದೆ?"

"ನಂಗೆ ಪುರುಸೊತ್ತಿಲ್ಲ, ನಾಳೆಗೆ ಲೆಕ್ಕದ ಹೋಂವರ್ಕ್ ಇದೆ ಅಂದೆ."

ಇಬ್ಬರೂ ಒಟ್ಟಿಗೆ ಮನೆಗೆ ನಡೆದರು.

ಓದುವವರೇ, ಕೇಳುವವರೇ, ಈಗ ನಿಮ್ಮ ಮಾತಿಗೆ ಬರೋಣ. ನೀವು ಅಂಗಡಿಯಲ್ಲಿ ಕೆಲಸ ಮಾಡಿರಬಹುದು, ವಾಹನ ಓಡಿಸಿರಬಹುದು, ಹತ್ತು ವರ್ಷ ಮನೆ ಮಕ್ಕಳನ್ನು ನೋಡಿಕೊಂಡಿರಬಹುದು. ಹೊತ್ತಿಗೆ ಸರಿಯಾಗಿ ಎದ್ದು ಹೊರಡುವುದು, ಅಳತೆ ತಪ್ಪದಿರುವುದು, ಸದ್ದು ಬದಲಾದರೆ ಕಿವಿ ನಿಮಿರುವುದು ನಿಮಗೆ ಗೊತ್ತಿದೆ. ಅದನ್ನು ನಾಚಿಕೆಯಿಲ್ಲದೆ ಬರೆಯಿರಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಿರಿ. ಕಲಿಸುವುದು ಕೆಲಸ ಕೊಡುವವರ ಜವಾಬ್ದಾರಿ, ಅದನ್ನು ಬಾಯಿಬಿಟ್ಟು ಕೇಳಿ: ತರಬೇತಿ ಎಷ್ಟು ದಿನ, ಆ ದಿನಗಳಿಗೆ ಭತ್ಯೆ ಇದೆಯೇ, ಶೂ, ಕೈಗವಸು ಯಾರು ಕೊಡುತ್ತಾರೆ, ಪಾಳಿ ಎಷ್ಟು ಗಂಟೆಗೆ. ಕೆಲಸ ಕೊಡಿಸುತ್ತೇನೆಂದು ಕೈ ಚಾಚುವವರಿಗೆ ಒಂದು ಕಾಸೂ ಕೊಡಬೇಡಿ. ಪರೀಕ್ಷೆಗೆ ಹೋಗುವಾಗ ಉಂಗುರ, ಬಳೆ, ಸಡಿಲ ತೋಳಿನ ಬಟ್ಟೆ ಬೇಡ. ಕೂದಲು ಬಿಗಿಯಾಗಿ ಕಟ್ಟಿ. ಅಲ್ಲಿ ತಪ್ಪಾದರೆ ಹೇಳಿ. ಮನೆಯವರಿಗೂ ಒಂದು ಮಾತು: ಹೊರಟವರನ್ನು ಹೆದರಿಸಬೇಡಿ, ಅವರ ಜೊತೆ ಕೂತು ಅಭ್ಯಾಸ ಮಾಡಿಸಿ.

ನಿಮ್ಮ ಊರಿನ ಹತ್ತಿರವೂ ಒಂದು ಗೇಟು ಇರಬಹುದು. ನಾಳೆ ಬೆಳಗ್ಗೆ ಹೋಗಿ, ಹೊಸಬರಿಗೆ ಕೆಲಸ ಇದೆಯಾ ಎಂದು ಕೇಳಿ ಬನ್ನಿ. ಕೇಳುವುದಕ್ಕೆ ಅನುಭವ ಬೇಕಾಗಿಲ್ಲ.